ಕುದನೆಯ ಬುಡ

ಜೆಪ್ಪಿನ ಈ ಮುರಕಲ್ಲ ಮಣ್ಣಿಗೆ
ಟೊಮೆಟೊ ಎಂದರೆ ಆಗದು.
ಬಸಳೆ ಕೇಳಿ, ಕೊಡುತ್ತದೆ,
ಬೂತಾಯಿ ತೊಳೆದ ನೀರು ಕುಡಿದು
ಚಪ್ಪರ ಜಗ್ಗುವಷ್ಟು ಕೊಡುತ್ತದೆ.
ಹರಿವೆ, ಅಲಸಂಡೆ, ತೊಂಡೆ
ಕರೆಯದೆ ಬಂದು ಎಲೆಯ ಮುಂದೆ ಕೂರುವ ನೆಂಟರು.
ಟೊಮೆಟೊ ಮಾತ್ರ
ಮೊಣಕಾಲೆತ್ತರ ಬಂದು, ಹಳದಿ ಹೂ ತೋರಿಸಿ,
ಒಂದು ಬೆಳಿಗ್ಗೆ
ಹಸಿರಿರುವಾಗಲೇ ತಲೆ ತಗ್ಗಿಸಿ ನಿಂತಿರುತ್ತದೆ,
ಬೈಸಿಕೊಂಡ ಹುಡುಗನ ಹಾಗೆ.

ನೀರು ಸಾಲದೆಂದು ಮೊದಲ ವರ್ಷ ಎರೆದೆ.
ಹೆಚ್ಚಾಯಿತೆಂದು ಮರುವರ್ಷ ಬಿಟ್ಟೆ.
ಮೂರನೆಯ ವರ್ಷ
ಸತ್ತ ಗಿಡದ ಕಾಂಡ ಕೊಯ್ದು
ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ.
ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ
ಊರವರ ಕಫ, ಊರವರ ರಕ್ತ ನೋಡಿದ ಕಣ್ಣು ಇದು.
ಐದು ನಿಮಿಷ.
ಕೊಯ್ದ ಬಾಯಿಂದ ಬಿಳಿ ನೂಲೊಂದು
ಊದಿನಕಡ್ಡಿಯ ಹೊಗೆ ತಲೆಕೆಳಗಾದಂತೆ
ಮೆಲ್ಲಗೆ ಇಳಿಯಿತು.
ಗೊತ್ತಾಯಿತು.
ರಿಪೋರ್ಟು ಕೊಡೋಣವೆಂದರೆ
ಹೊರಗೆ ಬೆಂಚಿನ ಮೇಲೆ ಯಾರೂ ಕೂತಿರಲಿಲ್ಲ.

"ಅದೇನ್ರೀ ನನ್ನ ಲೋಟದಲ್ಲಿ?"
ಚೂಡಾಮಣಿ ಸೌಟು ಹಿಡಿದೇ ಬಂದಳು.
ಕಾಯಿಲೆ ಮಣ್ಣಿನೊಳಗೇ ಉಂಟು, ಎಂದೆ.
ಅವಳು ಲೋಟವನ್ನು ಮೂರು ಸಲ ತೊಳೆದಳು.

ತಿಪಟೂರಿನವಳು.
ಮದುವೆಯಾಗಿ ಬಂದ ವಾರ, ನಮ್ಮಮ್ಮ
ಬಿಂಬುಳಿ, ಅಂಬಟೆ, ಪುನರ್ಪುಳಿ ಎಂದು
ಒಂದೊಂದೇ ಭರಣಿ ತೆರೆದು ತೋರಿಸುವಾಗ
ಕೊನೆಗೆ ಮೆತ್ತಗೆ ಕೇಳಿದ್ದಳಂತೆ:
"ಟೊಮೆಟೊ ಎಲ್ಲಿಡ್ತೀರಿ?"
ಅಮ್ಮನಿಗದು ಘಟ್ಟದ ತರಕಾರಿ,
ಲಾರಿಯಿಂದಿಳಿದು, ದುಡ್ಡು ಎಣಿಸಿಕೊಂಡು ಒಳಬರುವಂಥದ್ದು.
ಇಡುವ ಜಾಗ ಇರಲಿಲ್ಲ ಮನೆಯಲ್ಲಿ.
ಮೀನಿನ ಮಡಕೆಯ ಪಕ್ಕ ಇಟ್ಟರು.

ಗೋಡೆಯಾಚೆಯಿಂದ ನತಾಲ್ ಬಾಯಿ ಹೇಳಿದ್ದು:
"ಕುದನೆಗೆ ಕಟ್ಟಿ ನೋಡಿ ಡಾಕ್ಟ್ರೇ, ಅದಕ್ಕೆ ಸಾವಿಲ್ಲ."
(ಲ್ಯಾಬಿನವನೂ ನಮ್ಮ ಬೀದಿಗೆ ಡಾಕ್ಟರೇ.)
ರೈಲುಹಳಿಯ ಬದಿಯಿಂದ ಕಿತ್ತು ತಂದೆ.
ಸುತ್ತಿದ ಪೇಪರಿನ ಹೊರಗೆ ಮುಳ್ಳು ಇಣುಕುತ್ತಿತ್ತು.
ಕ್ಷೌರದ ಅರ್ಧ ಬ್ಲೇಡು.
ಹಳೆಯ ಗ್ಲೂಕೋಸ್ ನಳಿಗೆಯ ಸೀಳಿದ ತುಂಡು.
ಕೆಳಗೆ ಕುದನೆ, ಮೇಲೆ ಟೊಮೆಟೊ,
ಗಾಯಕ್ಕೆ ಗಾಯ ಕೂಡಿಸಿ ಒತ್ತಿ ಹಿಡಿದೆ.
"ನಡುಗಬೇಡಿ" ಎಂದಳು.
ನಡುಗುತ್ತಿದ್ದದ್ದು ಅವಳ ಕೈಯ ಟಾರ್ಚು.

ಹನ್ನೆರಡರಲ್ಲಿ ಒಂಬತ್ತು ಹೋದವು.
ಮೆಟ್ಟಿಲಡಿಯ ಕತ್ತಲಲ್ಲಿ ಐದು ದಿನ
ಪ್ಲಾಸ್ಟಿಕ್ ತೊಟ್ಟೆ ಹೊದ್ದು ಮಲಗಿ
ಮೂರು ಎದ್ದವು.
ಕೂಡಿದ ಜಾಗ ಬೆರಳಗಂಟಿನಂತೆ ಊದಿತು,
ಮುರಿದು ಕೂಡಿದ ಎಲುಬು ಊದುವುದು ಹೀಗೆಯೇ.

ದಿನಾ ಬೆಳಿಗ್ಗೆ ಒಂದು ಕೆಲಸ ಈಗ.
ಗಂಟಿನ ಕೆಳಗೆ ಕುದನೆ ತನ್ನದೇ ಚಿಗುರು ಬಿಡುತ್ತದೆ,
ಅದನ್ನು ಚಿವುಟಬೇಕು.
ಮರುದಿನ ಮತ್ತೆ ಬಿಡುತ್ತದೆ.
ಸಿಟ್ಟಿಲ್ಲ ಅದಕ್ಕೆ, ನೆನಪು ಅಷ್ಟೇ.
"ಹಣ್ಣು ನಮ್ಮೂರಿಂದು, ಮುಳ್ಳು ನಿಮ್ಮೂರಿಂದು"
ಎಂದಳು ಚೂಡಾಮಣಿ, ಬಾಯಿಗೆ ಸೆರಗು ಅಡ್ಡ ಹಿಡಿದು.
ಬೇರು ಯಾರದು ಎಂದು ಕೇಳಲಿಲ್ಲ ನಾನು.
ಎಂಟು ಪೊಟ್ಟು ಜೋಕುಗಳಲ್ಲಿ ಒಂದನ್ನಾದರೂ
ಗೆಲ್ಲಲು ಬಿಡಬೇಕು.

ಶಿವರಾತ್ರಿಯ ಹೊತ್ತಿಗೆ ಹಣ್ಣಾಯಿತು.
ಮೊದಲನೆಯದನ್ನು ಪಿಕಳಾರ ಅರ್ಧ ತಿಂದಿತ್ತು.
ಉಳಿದರ್ಧವನ್ನು ಅವಳು ತೊಳೆದು, ಹೆಚ್ಚಿ,
ಪೇಟೆಯ ನಾಲ್ಕರ ಜೊತೆ ಗೊಜ್ಜಿಗೆ ಹಾಕಿದಳು.
ಯಾವ ತುತ್ತಿನಲ್ಲಿ ನಮ್ಮದು ಇತ್ತೋ
ಇಬ್ಬರಿಗೂ ತಿಳಿಯಲಿಲ್ಲ.
ಆದರೂ ಪ್ರತಿ ತುತ್ತಿಗೂ ನಿಂತು ನಿಂತು ಅಗಿದೆವು.
"ಉಪ್ಪು ಸಾಲದು" ಎಂದಳು ಅವಳೇ.

ಮೂರನೆಯ ಗಿಡದಲ್ಲಿ, ಗೋಡೆಯ ಬದಿಗೆ,
ಒಂದು ಚಿಗುರನ್ನು ಚಿವುಟದೆ ಬಿಟ್ಟಿದ್ದೇನೆ.
ಗೇಣುದ್ದ ಆಗಿದೆ.
ಬಿಳಿ ಮೊಗ್ಗು ಬಂದಿದೆ, ಮುಳ್ಳೂ.
ಟೊಮೆಟೊ ಎಲೆಯನ್ನೊಂದಿಷ್ಟು ಅದರ ಮೇಲೆ ಎಳೆದಿಟ್ಟು
ನೀರಿನ ಚೊಂಬು ಹಿಡಿದು ಒಳಗೆ ಬರುತ್ತೇನೆ.
"ಎಲ್ಲಾ ಚಿವುಟಿದ್ರಾ?" ಎನ್ನುತ್ತಾಳೆ.
ಹೂಂ, ಎನ್ನುತ್ತೇನೆ.
ನಿನ್ನೆ ನೋಡಿದರೆ
ಅದರ ಬುಡಕ್ಕೂ ಯಾರೋ
ಅಕ್ಕಿ ತೊಳೆದ ನೀರು ಹೊಯ್ದಿದ್ದರು.